ತೊಟ್ಟಿಲಿಗೆ ಕಟ್ಟಿದ ಜೇನಿನ ಹಗ್ಗ

ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ಅವ್ವ ಅಟ್ಟದಿಂದ ಒಂದು ಹಗ್ಗದ ಸುರುಳಿ ಇಳಿಸಿ ನನ್ನ ಮಂಚದ ಪಕ್ಕ ಹಾಕಿದಳು. ಅಲ್ಲಿಯವರೆಗೆ ಬಾಣಂತಿ ಕೋಣೆಯಲ್ಲಿ ಇದ್ದದ್ದು ಲೋಬಾನ, ಬೆಳ್ಳುಳ್ಳಿ, ಹಾಲು ಇವುಗಳ ವಾಸನೆ. ಹಗ್ಗ ಬಂದ ಕೂಡಲೇ ಹೊಗೆ, ಮೇಣ, ಹಳಸಿದ ಔಡಲೆಣ್ಣೆಯ ನಾತ ಕೋಣೆ ತುಂಬಿತು. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತೆ.

"ಬ್ಯಾರೆ ಹಗ್ಗ ಇಲ್ಲೇನವ್ವಾ?" ಎಂದೆ.

"ಅದಾವು. ಇದರಷ್ಟು ಗಟ್ಟಿ ಯಾವುದೂ ಇಲ್ಲ. ನಿಮ್ಮಪ್ಪನ ಭಾರ ಹೊತ್ತ ಹಗ್ಗ, ನಿನ್ನ ಕೂಸಿನ ಭಾರ ಹೊರಂಗಿಲ್ಲೇನು?"

"ಅದಕ್ಕ ಬ್ಯಾಡ ಅಂದದ್ದು."

ಅವ್ವ ನನ್ನ ಮುಖ ನೋಡಿದಳು. ಹಗ್ಗವನ್ನು ಹಿತ್ತಲಿಗೆ ಒಯ್ದು ಸೀಗೆಪುಡಿ ಹಾಕಿ ತಿಕ್ಕತೊಡಗಿದಳು. ತಿಕ್ಕಿದರೆ ಹೋಗುವ ವಾಸನೆ ಅದಲ್ಲ. ಮೂರು ವರ್ಷದ ಹಿಂದಿನ ಕಾರ್ತೀಕದಲ್ಲಿ ನಾನು ಅದೇ ಹಿತ್ತಲಲ್ಲಿ ಕುಳಿತು ಬೂದಿಯಿಂದ, ಸೀಗೆಯಿಂದ, ಕೊನೆಗೆ ಇಟ್ಟಿಗೆ ಪುಡಿಯಿಂದ ಕೈ ತಿಕ್ಕಿದವಳು. ಅಂಗೈ ಸುಲಿಯಿತು, ಜೇನಿನ ನಾತ ಹೋಗಲಿಲ್ಲ. ಆಮೇಲೆ ನಾನು ಜೇನು ಬಾಯಿಗೆ ಹಾಕಿಲ್ಲ.

ನಮ್ಮೂರು ಆದವಾನಿ ಸೀಮೆಯ ಹರಿವಾಣದಿಂದ ಒಂದು ಹರದಾರಿ. ಊರ ಹಿಂದೆ ಗುಂಡುಕಲ್ಲಿನ ಗುಡ್ಡ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಹದ್ದಿನಗುಂಡು. ಅದರ ಮೂಡಲ ಮುಖ ಮುಂದಕ್ಕೆ ಬಾಗಿ ಛಾವಣಿಯ ಹಾಗಾಗಿದೆ. ಮಳೆಗಾಲ ಮುಗಿದು ಹೊಲದಲ್ಲಿ ಹುಚ್ಚೆಳ್ಳು, ಗುಡ್ಡದಲ್ಲಿ ತಂಗಡಿ, ಬಾರಿ, ಕಾಡುತುಳಸಿ ಹೂ ಬಿಟ್ಟಾಗ ಹೆಜ್ಜೇನು ಎಲ್ಲಿಂದಲೋ ಬಂದು ಆ ಛಾವಣಿಗೆ ಹುಟ್ಟು ಕಟ್ಟುತ್ತದೆ. ಒಂದೊಂದು ಹುಟ್ಟೂ ಮೊರಕ್ಕಿಂತ ಅಗಲ. ಅವನ್ನು ಕೊಯ್ಯುವ ಹಕ್ಕು ನಮ್ಮ ಮನೆಯದು. ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ ಎಲ್ಲರೂ ಅಲ್ಲೇ ಇಳಿದವರು. ಉಳಿದ ತಿಂಗಳು ನಾವು ಎಲ್ಲರಂತೆ ಜೋಳ, ಹತ್ತಿ ಬೆಳೆಯುವ ಮಂದಿ. ಕಾರ್ತೀಕದಲ್ಲೊಮ್ಮೆ, ಬೇವು ಹೂ ಬಿಟ್ಟ ಮೇಲೊಮ್ಮೆ ಜೇನಿನವರು. ನಮ್ಮ ಮನೆಯ ಜೇನು ಆದವಾನಿಯ ಔಷಧದ ಅಂಗಡಿಗೆ ಹೋಗುತ್ತಿತ್ತು.

ಏಳನೇ ತರಗತಿ ಮುಗಿಸಿ ಮನೆಯಲ್ಲಿದ್ದ ನನಗೆ ದಿನಚರಿ ಬರೆಯುವ ಅಭ್ಯಾಸ. ತಿಥಿ, ಗಾಳಿ ಯಾವ ಕಡೆಯದು, ಯಾವ ಹೂ ಎಲ್ಲಿ ಬಿಟ್ಟಿದೆ, ಗುಂಡಿನ ಮೇಲೆ ಎಷ್ಟು ಹುಟ್ಟು ಇವೆ, ಇಷ್ಟನ್ನು ದಿನಾ ಬರೆಯುತ್ತಿದ್ದೆ. ಆ ವರ್ಷ, ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷದ ಕಾರ್ತೀಕದಲ್ಲಿ, ಹದ್ದಿನಗುಂಡಿನ ಮೇಲೆ ಹನ್ನೊಂದು ಹುಟ್ಟು ಇದ್ದವು. ನಾನು ಬರೆಯಲು ಶುರು ಮಾಡಿದ ಮೇಲೆ ಅಷ್ಟು ಎಂದೂ ಕಟ್ಟಿರಲಿಲ್ಲ. ಅಪ್ಪ ದಿನಾ ಸಂಜೆ ಕೆಳಗೆ ನಿಂತು ಕತ್ತೆತ್ತಿ ನೋಡಿ ಬರುತ್ತಿದ್ದ. ಮದುಮಗನ ಖುಷಿ ಅವನಿಗೆ.

ಇಳಿಯುವುದಕ್ಕೆ ನಮ್ಮ ಮನೆಯಲ್ಲಿ ಎರಡು ಕಟ್ಟಳೆ ಇದ್ದವು.

ಗುಂಡಿನ ನೆತ್ತಿಯ ಮೇಲೆ ಗೂಟದಂಥ ಒಂದು ಕಲ್ಲು ಇದೆ. ಹಗ್ಗವನ್ನು ಅದಕ್ಕೆ ಎರಡು ಸುತ್ತು ಹಾಕಿ ಒಬ್ಬ ಕೂರುತ್ತಾನೆ. ಇನ್ನೊಂದು ತುದಿಗೆ ಸೊಂಟ ಕಟ್ಟಿಕೊಂಡು ಅಪ್ಪ ಇಳಿಯುತ್ತಾನೆ. ಹುಟ್ಟು ಕೊಯ್ದು ಮೇಲೆ ಹತ್ತುವುದಿಲ್ಲ, ಹಾಗೇ ನೆಲಕ್ಕೆ ಇಳಿದುಬಿಡುತ್ತಾನೆ. ಭಾರ ಹೊರುವುದು ಕಲ್ಲು. ಹಗ್ಗ ಹಿಡಿದವನು ಸ್ವಲ್ಪ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ತೋಳಿನಲ್ಲಿ ದೊಡ್ಡ ಬಲ ಬೇಡ. ಆದರೆ ಯಾರು ಬೇಕಾದರೂ ಹಿಡಿಯುವ ಹಾಗಿಲ್ಲ. ಅಣ್ಣತಮ್ಮಂದಿರು ಹಿಡಿದರೆ ಹೊಲದ ಆಸೆಗೆ ಕೈಬಿಟ್ಟಾರು. ಮಗ ಹಿಡಿದರೆ ಯಜಮಾನಿಕೆಯ ಆಸೆಗೆ ಬಿಟ್ಟಾನು. ಹೆಂಡತಿಯ ಒಡಹುಟ್ಟಿದವನು ಮಾತ್ರ ಬಿಡುವುದಿಲ್ಲ, ಯಾಕೆಂದರೆ ಬಿಟ್ಟರೆ ಹೋಗುವುದು ಅವನ ಅಕ್ಕನದೋ ತಂಗಿಯದೋ ತಾಳಿ. ಇದು ಮೊದಲನೆಯದು.

ಸಣ್ಣವಳಿದ್ದಾಗ ನಾನು ಅಜ್ಜಿಯನ್ನು ಕೇಳಿದ್ದೆ: "ಅವ್ವನ ತಾಳಿ ಅಂದ ಮ್ಯಾಲೆ ಅವ್ವನ ಕೈಯಾಗ ಹಗ್ಗ ಕೊಟ್ರ ಆಗಂಗಿಲ್ಲೇನು?"

"ಹೆಣ್ಣಿನ ವಾಸನಿ ಜೇನಿಗೆ ಆಗಿಬರಂಗಿಲ್ಲ," ಎಂದಿದ್ದಳು ಅಜ್ಜಿ.

ಕೆಳಗೆ ನಿಂತು ಹುಟ್ಟು ತುಂಬಿದ ತೊಗಲಿನ ಚೀಲ ಇಳಿಸಿಕೊಳ್ಳುವವರು ಹೆಂಗಸರು. ಹಿಂಡುವವರು, ಸೋಸುವವರು, ಮೇಣ ಕಾಯಿಸುವವರು ಹೆಂಗಸರು. ಅಷ್ಟಕ್ಕೂ ನಮ್ಮ ವಾಸನೆ ಆಗಿಬರುತ್ತಿತ್ತು. ಗುಂಡಿನ ನೆತ್ತಿಗೆ ಮಾತ್ರ ಆಗಿಬರುತ್ತಿರಲಿಲ್ಲ.

ಎರಡನೆಯ ಕಟ್ಟಳೆ, ಹಗ್ಗದ ಮೇಲೆ ಮಾತಿಲ್ಲ. ಮನುಷ್ಯನ ಉಸಿರು, ದನಿ ಎರಡೂ ಹೆಜ್ಜೇನಿಗೆ ಸಿಟ್ಟು ತರುತ್ತವೆ. ಅಪ್ಪ ಹಗ್ಗವನ್ನು ಒಮ್ಮೆ ಜಗ್ಗಿದರೆ ಇಳಿಸಬೇಕು, ಎರಡು ಸಲ ಜಗ್ಗಿದರೆ ನಿಲ್ಲಿಸಬೇಕು. ಅಷ್ಟೇ.

ಹಗ್ಗ ಹಿಡಿಯುತ್ತಿದ್ದವನು ಅವ್ವನ ತಮ್ಮ ತಿಮ್ಮಪ್ಪ. ಪತ್ತಿಕೊಂಡದ ಕಡೆಯ ಊರಿನವನು, ಅರ್ಧ ಮಾತು ತೆಲುಗು. ಅವನು ಬಂದರೆ ನಮ್ಮ ಓಣಿಗೆಲ್ಲ ಹಬ್ಬ. ಮಾತು ಮುಗಿಸುವ ಮೊದಲೇ ಜನ ನಗುತ್ತಿದ್ದರು. ಯಾರಿಗಾದರೂ ಮನಸ್ಸು ನೋಯುವಂಥದ್ದು ಅಂದುಬಿಟ್ಟರೆ, "ಊರಿಕೆ ಅಂದೆ ಬಿಡಪ್ಪ," ಎನ್ನುತ್ತಿದ್ದ. ಊರಿಕೆ ಅಂದರೆ ತೆಲುಗಿನಲ್ಲಿ ಸುಮ್ಮನೆ. ಆ ಒಂದು ಮಾತಿನಿಂದ ಅವನು ತನ್ನ ಎಲ್ಲ ಮಾತನ್ನೂ ಒರೆಸಿಕೊಳ್ಳುತ್ತಿದ್ದ.

ನನಗೆ ಅವನನ್ನು ಕಂಡರೆ ಮೊದಲಿನಿಂದಲೂ ಹೇಸಿಗೆ. ಹುಟ್ಟಿನ ಕೆಳಭಾಗದಲ್ಲಿ ಮರಿಹುಳು ಇರುವ ಎರಿ ಇರುತ್ತದಲ್ಲ, ಅದನ್ನು ಅಪ್ಪ ಬಂಡೆಯಲ್ಲೇ ಬಿಡುತ್ತಿದ್ದ, ಜೇನು ಉಳಿಯಲಿ ಎಂದು. ಮಾವ ಅದನ್ನೂ ಕೊಯ್ಯಿಸಿಕೊಂಡು ಬಿಸಿಬಿಸಿ ರೊಟ್ಟಿಯಂತೆ ಮುರಿದು ತಿನ್ನುತ್ತಿದ್ದ. ಹಲ್ಲಿನಡಿ ಹುಳು ಒಡೆದು ಬೆಳ್ಳಗಿನ ರಸ ಕಟವಾಯಿಯಿಂದ ಗಡ್ಡಕ್ಕೆ ಇಳಿಯುತ್ತಿತ್ತು. ಅಗಿದ ಮೇಣವನ್ನು ಅಂಗಳದಲ್ಲೇ ಉಗಿಯುತ್ತಿದ್ದ. ಅದೇ ಕೈಯಿಂದ ನನ್ನ ಗಲ್ಲಕ್ಕೆ ಜೇನು ಒರೆಸಿ, "ಸೊಸಿ ಸಿಹಿ ಆದಳು ಚೂಡು, ನೋಡ್ರಿ," ಎಂದು ಎಲ್ಲರಿಗೂ ತೋರಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನು ಒಳಗೆ ಹೋಗಿ ಮುಖ ತೊಳೆಯುತ್ತಿದ್ದೆ. ತೊಳೆದದ್ದಕ್ಕೂ ನಗುತ್ತಿದ್ದರು.

ಆ ವರ್ಷದ ಯುಗಾದಿಗೆ ಅವನ ಹೆಂಡತಿ ತೀರಿಕೊಂಡಿದ್ದಳು. ದಸರೆಯ ಹೊತ್ತಿಗೆ ನನ್ನನ್ನು ಕೇಳಿ ಕಳಿಸಿದ್ದ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ನನಗೆ ಹದಿನೇಳು, ಅವನಿಗೆ ಅದರ ಎರಡರಷ್ಟು ದಾಟಿತ್ತು. ಅವ್ವ, "ಹುಡುಗಿ ಇನ್ನಾ ಸಣ್ಣಾಕಿ," ಎಂದಳು. ಅಪ್ಪ, "ಜೇನು ಇಳಿಲಿ, ಆಮ್ಯಾಲೆ ನೋಡಣ," ಎಂದ. ನಾನು ಬೇಡ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಕಾರ್ತೀಕ ಬಹುಳ ಸಪ್ತಮಿಯ ಬೆಳಿಗ್ಗೆ ಮೊದಲ ಇಳಿತ. ಚಳಿಗೆ ಜೇನು ಜಡವಾಗಿರುವಾಗಲೇ ಕೆಲಸ ಮುಗಿಯಬೇಕು. ಅಪ್ಪ ಕಂಬಳಿ ಹೊದ್ದು, ಹಸಿ ತಂಗಡಿ ಸೊಪ್ಪಿನ ಸೂಡಿಗೆ ಬೆಂಕಿ ಹಚ್ಚಿಕೊಂಡು ಇಳಿದ. ಅವ್ವ, ನಾನು ಕೆಳಗೆ ನಿಂತಿದ್ದೆವು. ಹೊಗೆಗೆ ಜೇನು ಕರೀ ಪರದೆಯಂತೆ ಹುಟ್ಟು ಬಿಟ್ಟು ಸರಿಯಿತು. ಅಪ್ಪ ಕುಡಗೋಲಿನಿಂದ ಒಂದೊಂದೇ ಕೊಯ್ದು ಚೀಲ ಇಳಿಸಿದ. ಆರು ಆದವು. ಸೂಡು ಮುಗಿಯುತ್ತ ಬಂತು. ಹಗ್ಗ ಒಮ್ಮೆ ಜಗ್ಗಿದ.

ಹಗ್ಗ ಇಳಿಯಲಿಲ್ಲ.

ಮತ್ತೊಮ್ಮೆ ಜಗ್ಗಿದ. ಆಗ ಮೇಲಿನಿಂದ ಮಾವನ ದನಿ ಕೇಳಿಸಿತು. ಹಗ್ಗದ ಮೇಲೆ ಅಪ್ಪ ಇದ್ದಾಗ ಮನುಷ್ಯರ ದನಿ ಕೇಳಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

"ಬಾವಾ, ಜಗ್ಗಿದ್ರ ಇಳಿಸಂಗಿಲ್ಲ ಇವತ್ತು. ಹುಡುಗಿನ ನನಗ ಕೊಡ್ತೀಯೋ ಇಲ್ಲೋ, ಬಾಯಿ ಬಿಟ್ಟು ಹೇಳು."

ಅಪ್ಪ ಸುಮ್ಮನೆ ಜೋತಾಡುತ್ತಿದ್ದ. ಸೂಡಿನ ಹೊಗೆ ದಾರದಷ್ಟಾಯಿತು. ಸರಿದಿದ್ದ ಜೇನು ದನಿ ಕೇಳಿ ಮರಳಿತು, ಒಂದೊಂದಾಗಿ ಅವನ ಕಂಬಳಿಯ ಮೇಲೆ ಕೂರತೊಡಗಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕೂಗಿದರೆ ಅಪ್ಪನಿಗೇ ಅಪಾಯ.

"ಕೊಟ್ಟೆ ಅನ್ನು ಬಾವಾ. ಒಂದ ಮಾತು. ಹೂಂ ಅಂದ್ರ ನಡ್ಯಂಗಿಲ್ಲ, ನನಗ ಇಲ್ಲಿಗೆ ಕೇಳಂಗಿಲ್ಲ."

ಅಪ್ಪ ಬಾಯಿ ಬಿಟ್ಟ. "ಕೊಟ್ಟೆ."

ಹಗ್ಗ ಇಳಿಯಿತು. ಅಪ್ಪ ನೆಲಕ್ಕೆ ಕಾಲಿಟ್ಟಾಗ ತುಟಿ ಆಗಲೇ ಊದುತ್ತಿದ್ದವು. ಮಾವ ಬಂಡೆಯ ಹಿಂಬದಿಯಿಂದ ಓಡಿ ಬಂದು ತನ್ನ ಉಗುರಿನಿಂದಲೇ ಮುಳ್ಳು ಕಿತ್ತ. ಕೀಳುತ್ತ ನಗುತ್ತಿದ್ದ.

"ಊರಿಕೆ ಕೇಳಿದೆ ಬಾವಾ. ನಾ ಹಗ್ಗ ಬಿಡಾಂವೇನು? ನಮ್ಮಕ್ಕನ ತಾಳಿ ಅಲ್ಲೇನು ಅದು?"

ಆಗ ಅಪ್ಪ ನಕ್ಕ. ಊದಿದ ತುಟಿಯಲ್ಲಿ, ಕಣ್ಣಲ್ಲಿ ನೀರು ಇಟ್ಟುಕೊಂಡು, ಮಾವನ ಹೆಗಲ ಮೇಲೆ ಕೈ ಹಾಕಿ ನಕ್ಕ. ಆ ಬೆಳಗಿನ ಉಳಿದದ್ದೆಲ್ಲ ಮಸುಕಾದರೂ ಆ ನಗು ನನಗೆ ಮಸುಕಾಗಿಲ್ಲ. ಮರಿಹುಳು ತಿನ್ನುವವನನ್ನು ನೋಡಿದ್ದಕ್ಕಿಂತ ಹೆಚ್ಚು ವಾಕರಿಕೆ ಬಂದದ್ದು ಅದನ್ನು ನೋಡಿ.

ಅವತ್ತಿನ ದಿನಚರಿಯಲ್ಲಿ ಇಷ್ಟೇ ಇದೆ: "ಸಪ್ತಮಿ. ಮೂಡಗಾಳಿ. ಕೊಯ್ದ ಹುಟ್ಟು ಆರು. ಅಪ್ಪನ ತುಟಿಗೆ ಮೂರು ಮುಳ್ಳು, ನಾಲಿಗೆಗೆ ಒಂದು."

ಸಂಜೆ ಇಬ್ಬರೂ ಎದುರುಬದುರು ಕುಳಿತು ಉಂಡರು. ಅಪ್ಪನಿಗೆ ರೊಟ್ಟಿ ಅಗಿಯಲು ಆಗದೆ ಅಂಬಲಿ. ಮಾವ ಓಣಿಯ ಜನಕ್ಕೆಲ್ಲ ಕತೆ ಹೇಳಿದ, ಅಪ್ಪ ಜೋತಾಡಿದ್ದನ್ನು ಆಡಿ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕತೆ ಮುಗಿಸಿ, "ಏನ ಆಗಲಿ, ಮಾತು ಮಾತೇ," ಎಂದ. "ಅಮಾಸಿ ಮುಂದ ಎಲಿ ಅಡಿಕಿ ಇಟ್ಟುಬಿಡಣ."

ಅಂದರೆ ಅವನು ಕೇಳಿದ್ದು ತಮಾಷೆ, ಅಪ್ಪ ಹೇಳಿದ್ದು ಮಾತ್ರ ನಿಜ. ಇದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಅವ್ವ ಒಬ್ಬಳೇ ಕೇಳಿದಳು:

"ಜೀವ ಬಾಯಿಗೆ ಬಂದಾಗ ಆಡಿದ್ದು ಮಾತೇನು?"

ಅಪ್ಪ ತೊದಲುತ್ತ ಉತ್ತರ ಕೊಟ್ಟ. "ಹಗ್ಗದ ಮ್ಯಾಲೆ ಆಡಿದ್ದು. ನಮ್ಮ ಹಿರೇರು ಯಾರೂ ಹಗ್ಗದ ಮ್ಯಾಲೆ ಬಾಯಿ ಬಿಟ್ಟಿಲ್ಲ. ಬಿಟ್ಟಮ್ಯಾಲೆ ಅದನ್ನ ನೆಲದ ಮ್ಯಾಲೆ ನಿಂತು ಅಲ್ಲ ಅನ್ನಾಕ ನನಗ ಬಾಯಿಲ್ಲ."

ಮುಂದಿನ ದಿನಗಳೆಲ್ಲ ಹಿಂಡುವ ಕೆಲಸ. ಅವ್ವ, ನಾನು ಹಿತ್ತಲಲ್ಲಿ ಕುಳಿತು ಎರಿ ಹಿಂಡುತ್ತಿದ್ದೆವು. ಈ ಸಲ ಮಾವ ಆರೂ ಹುಟ್ಟಿನ ಮರಿ ಎರಿಯನ್ನು ಪೂರ್ತಿ ಕೊಯ್ಯಿಸಿದ್ದ. ತಾನು ತಿಂದು ಮಿಕ್ಕದ್ದು ಜೇನಿನ ಎರಿಯ ಜೊತೆಗೇ ಬಿದ್ದಿತ್ತು. ಬೇರ್ಪಡಿಸುವಾಗ ಬೆರಳ ಸಂದಿಯಲ್ಲಿ ಹುಳು ಸಿಕ್ಕಿ ಪಿಚಕ್ಕೆನ್ನುತ್ತಿದ್ದವು. ಬಿಸಿಲೇರಿದಂತೆ ಹುಳಿ ಹೊಡೆದ ನಾತ. ನೊಣ. ಎಲ್ಲಿ ಕೂತರೂ ಸೀರೆ ನೆಲಕ್ಕೆ ಅಂಟುತ್ತಿತ್ತು. ಮಾವ ಬಾಗಿಲಲ್ಲಿ ನಿಂತು, "ಕೈ ಬಂಗಾರ ಆಗ್ಯಾವು ಸೊಸೀದು," ಎನ್ನುತ್ತಿದ್ದ.

"ಅವ್ವಾ, ನಾನು ಬಾವಿಗೆ ಬೀಳ್ತೀನಿ," ಎಂದೆ ಒಂದು ದಿನ.

ಅವ್ವ ಹಿಂಡುವುದನ್ನು ನಿಲ್ಲಿಸಲಿಲ್ಲ. "ಬಾವಿ ನೀರು ಊರಿಗೆ ಬೇಕು," ಎಂದಳು. ಇನ್ನೊಂದು ಎರಿ ಕೈಗೆ ತೆಗೆದುಕೊಂಡು, ತನ್ನಷ್ಟಕ್ಕೇ ಎಂಬಂತೆ, "ಹಗ್ಗದ ಮ್ಯಾಲೆ ಆಡಿದ್ದನ್ನ ನೆಲದ ಮ್ಯಾಲೆ ಅಲ್ಲ ಅನ್ನಾಕ ಬರಂಗಿಲ್ಲಂತ," ಎಂದಳು. ನನಗೆ ಅದು ಅಪ್ಪನ ಪರವಾದ ಮಾತಿನ ಹಾಗೆ ಕೇಳಿ ಸಿಟ್ಟು ಬಂತು. ಎದ್ದುಹೋದೆ.

ಐದು ಹುಟ್ಟು ಉಳಿದಿದ್ದವು. ಚತುರ್ದಶಿಯ ಬೆಳಿಗ್ಗೆ ಎರಡನೆಯ ಇಳಿತ, ಸಂಜೆಗೆ ಎಲೆ ಅಡಿಕೆ. ಮಾವ ಹಿಂದಿನ ದಿನವೇ ಎಲೆ ಅಡಿಕೆ ತರಲು ಹರಿವಾಣಕ್ಕೆ ಹೋದವನು ಅಲ್ಲೇ ಉಳಿದು, ನಸುಕಿಗೆ ನೇರ ಗುಂಡಿಗೇ ಬರುತ್ತೇನೆ ಎಂದಿದ್ದ. ಅಪ್ಪ ಕಂಬಳಿ, ಸೂಡು ಹಿಡಿದು ಗುಂಡಿನ ನೆತ್ತಿಗೆ ಹತ್ತಿದಾಗ ಅವನು ಇನ್ನೂ ಬಂದಿರಲಿಲ್ಲ. ಗೂಟಗಲ್ಲಿನ ಹತ್ತಿರ ಹಗ್ಗ ಎರಡು ಸುತ್ತು ಹಾಕಿಕೊಂಡು ಅವ್ವ ಕುಳಿತಿದ್ದಳು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು.

"ಏನು ಇದು?" ಎಂದ ಅಪ್ಪ.

"ಬಿಸಿಲು ಬಂದ್ರ ಜೇನು ಏಳ್ತೈತಿ. ನಾಳಿ ಅಮಾಸಿ. ಆಮ್ಯಾಲೆ ಅವ ತುಪ್ಪ ಕುಡದು ಹಾರಿಹೋಗ್ತಾವು. ಇಳೀರಿ."

"ಹೆಣ್ಣಾಳು ಹಗ್ಗ ಹಿಡಿಯಾದೇನು?"

"ತಾಳಿ ನಂದು. ನನ್ನ ತಾಳಿ ಕಾಯಾಕ ನನ್ನ ತಮ್ಮ ನನಗಿಂತ ಹೆಚ್ಚೇನು?"

ಅಪ್ಪ ಮೂಡಣ ನೋಡಿದ, ಹರಿವಾಣದ ದಾರಿ ನೋಡಿದ. ಐದು ಹುಟ್ಟಿನ ಆಸೆ. ಸೊಂಟಕ್ಕೆ ಕಟ್ಟಿಕೊಂಡು ಇಳಿದ.

ಅವ್ವ ಪಾದವನ್ನು ಕಲ್ಲಿಗೆ ಒದೆಕೊಟ್ಟು, ಬಾವಿಯಿಂದ ಕೊಡ ಇಳಿಸಿದಷ್ಟು ಸಲೀಸಾಗಿ ಹಗ್ಗ ಬಿಟ್ಟಳು. ಎರಡು ಸಲ ಜಗ್ಗಿದರೆ ನಿಲ್ಲಿಸಿದಳು. ಚೀಲದ ಬೇರೆ ಹಗ್ಗ ನನ್ನ ಕೈಯಲ್ಲಿತ್ತು. ಐದೂ ಇಳಿದವು. ಕೆಳಗೆ ಯಾರೋ ಚೀಲ ಬಿಚ್ಚುವುದು ಗೊತ್ತಾಯಿತು. ಬಗ್ಗಿ ನೋಡಿದೆ, ಮಾವ ಬಂದಿದ್ದ. ಸೂಡಿನ ಹೊಗೆ ತೆಳ್ಳಗಾಯಿತು. ಹಗ್ಗ ಒಮ್ಮೆ ಜಗ್ಗಿತು.

ಅವ್ವ ಮೂರನೆಯ ಸುತ್ತು ಹಾಕಿ ಬಿಗಿ ಮಾಡಿದಳು. ಆಮೇಲೆ ಕೂಗಿದಳು. ಅಷ್ಟು ದೊಡ್ಡ ದನಿ ಅವಳಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಏನ್ರೀ, ಹಗ್ಗದ ಮ್ಯಾಲೇ ಅದೀರಿ. ಕೊಟ್ಟ ಮಾತು ಹಿಂದಕ್ಕ ತಗೋರಿ."

ಕೆಳಗಿನಿಂದ ಮಾವ, "ಅಕ್ಕಾ, ಏನ ಹುಚ್ಚು, ಇಳಿಸು," ಎಂದ. ಹಗ್ಗ ಮತ್ತೊಮ್ಮೆ ಜಗ್ಗಿತು.

"ಜಗ್ಗಿದ್ರ ಇಳಿಸಂಗಿಲ್ಲ. ಕೊಡಂಗಿಲ್ಲ ಅನ್ರಿ. ಬಾಯಿ ಬಿಟ್ಟು ಅನ್ರಿ, ನಿಮ್ಮ ಅಳಿಯಗ ಕೇಳಬೇಕು."

ಜೇನಿನ ಸದ್ದು ಏರುತ್ತಿತ್ತು. ಎಷ್ಟೋ ಜನ ಒಟ್ಟಿಗೆ ಬಾಯಿ ಮುಚ್ಚಿಕೊಂಡು ಗೊಣಗಿದ ಹಾಗೆ. ನಾನು ಅವ್ವನ ತೋಳು ಹಿಡಿದೆ. ಬಿಡು ಅವ್ವಾ ಎನ್ನಬೇಕೆಂದು ಬಾಯಿಗೆ ಬಂತು. ಅನ್ನಲಿಲ್ಲ.

"ಕೊಡಂಗಿಲ್ಲ," ಎಂದ ಅಪ್ಪ.

ಅವ್ವ ಒಂದು ಸುತ್ತು ಬಿಚ್ಚಿ ಅವನನ್ನು ಮೆಲ್ಲಗೆ ನೆಲಕ್ಕೆ ಇಳಿಸಿದಳು.

ನಾವು ಇಳಿದು ಬರುವಷ್ಟರಲ್ಲಿ ಮಾವ ಎಲೆ ಅಡಿಕೆಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಅಪ್ಪನ ತುಟಿ ಮತ್ತೆ ಬಾತಿದ್ದವು. ಜೇನು ಮಾವನನ್ನು ಮುಟ್ಟಿರಲಿಲ್ಲ. ಅದೂ ನನಗೆ ಹೇಸಿಗೆ ಅನ್ನಿಸಿತು.

"ಅಕ್ಕ ಛಲೋ ತಮಾಷಿ ಮಾಡಿದಳು," ಎಂದು ಅವನು ನಗಲು ನೋಡಿದ.

"ನಾನು ಊರಿಕೆ ಕೇಳಂಗಿಲ್ಲ ತಿಮ್ಮಾ," ಎಂದಳು ಅವ್ವ. "ಉಂಡು ಹೋಗು."

ಅವನು ಉಂಡ. ಮೂರು ರೊಟ್ಟಿ ತಿಂದು, ಬೆರಳು ನೆಕ್ಕಿ, ಸಂಜೆ ಊರಿಗೆ ಹೋದ. ನನ್ನ ದಿನಚರಿ: "ಚತುರ್ದಶಿ. ಗಾಳಿ ಇಲ್ಲ. ಕೊಯ್ದ ಹುಟ್ಟು ಐದು. ತುಟಿಗೆ ಎರಡು ಮುಳ್ಳು."

ಖುಷಿಯಾಯಿತೇ ಎಂದು ಕೇಳಿದರೆ, ಆಗಲಿಲ್ಲ. ನಾನು ಉಳಿದೆ ಎಂಬುದು ತಿಳಿಯಿತು, ಅಷ್ಟೇ. ಅವತ್ತು ಹಿತ್ತಲಲ್ಲಿ ಕುಳಿತು ಕೈ ತಿಕ್ಕುವಾಗ ಎಲ್ಲರ ಮೇಲೂ ಅಸಹ್ಯ ಬಂತು. ಅಪ್ಪನ ಬಾಯಿಂದ ಎರಡು ಸಲ ಮಾತು ಹೊರಟಿತ್ತು, ಎರಡು ಸಲವೂ ಜೇನಿನ ಹೆದರಿಕೆಗೆ. ಕೊಟ್ಟದ್ದೂ ಹಾಗೆ, ಕೊಡುವುದಿಲ್ಲ ಎಂದದ್ದೂ ಹಾಗೆ. ಸೂಡು ಇನ್ನಷ್ಟು ಹೊತ್ತು ಉರಿದಿದ್ದರೆ ಅವನು ಏನು ಅನ್ನುತ್ತಿದ್ದನೋ ಗೊತ್ತಿಲ್ಲ. ನನ್ನನ್ನು ಉಳಿಸಿದ ಅವ್ವನೂ ಹಗ್ಗ ಹಿಡಿದೇ ಉಳಿಸಬೇಕಾಯಿತು. ಸಮ ನೆಲದ ಮೇಲೆ ನಿಂತು ಒಬ್ಬರನ್ನೊಬ್ಬರು ಕೇಳಿ, ನನ್ನನ್ನೂ ಕೇಳಿ ತೀರ್ಮಾನಿಸುವ ಒಂದು ಜಾಗ ನಮ್ಮ ಮನೆಯಲ್ಲಿ ಇರಲೇ ಇಲ್ಲ.

ಬೇವಿನ ಹೂವಿಗೆ ಅಪ್ಪ ಇಳಿಯಲಿಲ್ಲ. ಮೊಣಕಾಲು ನೋವು ಎಂದ. ಹಗ್ಗ ಅಟ್ಟ ಸೇರಿತು. ಮುಂದಿನ ವರ್ಷ ನನ್ನನ್ನು ಆದವಾನಿಗೆ ಕೊಟ್ಟರು, ಹತ್ತಿ ಜಿನ್ನಿನಲ್ಲಿ ತೂಕ ಬರೆಯುವವರಿಗೆ. ಕೊಡುವ ಮೊದಲು ಅವ್ವ ಅಡಿಗೆಮನೆಗೆ ಕರೆದು ನನ್ನನ್ನು ಕೇಳಿದಳು. ಹೂಂ ಎಂದೆ.

ಇಷ್ಟು ನೆನಪಾಗುವಷ್ಟರಲ್ಲಿ ಅವ್ವ ಹಗ್ಗ ಒಣಗಿಸಿ ತಂದು ತೊಲೆಗೆ ಬಿಗಿದಿದ್ದಳು. ತೊಟ್ಟಿಲು ಕಟ್ಟಿ, ತೂಗಲು ಅದರದೇ ಒಂದು ತುಂಡು ಇಳಿಬಿಟ್ಟಳು. ಓಣಿಯ ಹೆಂಗಸರು ಸೇರಿದರು. ಮಧ್ಯಾಹ್ನದ ಹೊತ್ತಿಗೆ ತಿಮ್ಮಪ್ಪ ಮಾವನೂ ಬಂದ. ಮಗುವಿಗೆ ಜರಿಯ ಕುಲಾಯಿ ತಂದಿದ್ದ. ಗಡ್ಡ ನೆರೆತಿತ್ತು, ನಗು ನೆರೆತಿರಲಿಲ್ಲ.

"ಏನಮ್ಮಾ ಸೊಸೀ, ಇನ್ನಾ ಸಿಟ್ಟೇನು? ಊರಿಕೆ ಆಡಿದ್ದು ಮೂರು ವರ್ಷ ಇಟ್ಕೊಂತಾರೇನು?"

ಹೆಂಗಸರು ನಕ್ಕರು. ನನಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ತೊಟ್ಟಿಲನ್ನು ಮೊದಲು ತೂಗುವುದು ತಾಯಿಯ ಸೋದರಮಾವನೇ ಎಂದು ಯಾರೋ ಹೇಳಿದರು. ಅವನು ಮುಂದೆ ಬಂದು ತೂಗುವ ಹಗ್ಗ ಕೈಗೆ ತೆಗೆದುಕೊಂಡ. ಬೆರಳಿಗೆ ಎರಡು ಸುತ್ತು ಹಾಕಿಕೊಂಡ, ಹಳೆಯ ಅಭ್ಯಾಸ. ಹೆಂಗಸರು ಜೋಗುಳ ಎತ್ತಿದರು. ಮಗುವನ್ನು ಮಲಗಿಸಲು ನನ್ನ ಕಡೆ ಕೈ ಚಾಚಿದರು.

ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡೆ.

"ಮಾವಾ, ಹಗ್ಗ ಬಿಡು," ಎಂದೆ.

"ಏನಾತು?"

"ನೀ ಹಗ್ಗ ಬಿಟ್ಟ ಮ್ಯಾಲೆ ಮಲಗಿಸ್ತೀನಿ."

ಜೋಗುಳ ನಿಂತಿತು. ಮಾವ ಸುತ್ತ ನೋಡಿದ, ಯಾರಾದರೂ ನಗಲಿ ಎಂದು. ಒಬ್ಬಿಬ್ಬರು ನಗಲು ಹೊರಟು, ನನ್ನ ಮುಖ ನೋಡಿ ನಿಲ್ಲಿಸಿದರು. ಅವನು ಅಪ್ಪನ ಕಡೆ ತಿರುಗಿದ. "ಚೂಡು ಬಾವಾ, ನಿನ್ನ ಮಗಳು ಏನಂತಾಳ."

ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ತುಟಿ ಅಲುಗಿತು. ಅವನು ಈಗಲೂ ನಕ್ಕುಬಿಡುತ್ತಾನೆ ಎಂದು ನಾನು ಕಾದೆ. ಅವನು ನಗಲಿಲ್ಲ. ತನ್ನ ಕಾಲಬೆರಳು ನೋಡಿಕೊಂಡು ಕುಳಿತ.

ಮಾವ ಬೆರಳಿನ ಸುತ್ತು ಬಿಚ್ಚಿದ. ಅವನು ಬಿಟ್ಟ ರಭಸಕ್ಕೆ ಖಾಲಿ ತೊಟ್ಟಿಲು ಅತ್ತಿತ್ತ ತೂಗಿತು. ಅದು ಪೂರ್ತಿ ನಿಲ್ಲುವವರೆಗೆ ಕಾದೆ. ನಿಂತ ಮೇಲೆ ಹಗ್ಗದ ತುದಿಯನ್ನು ನನ್ನ ಸೆರಗಿನಿಂದ ಒರೆಸಿ, ಮಗುವನ್ನು ಮಲಗಿಸಿದೆ. ಹಗ್ಗ ಇನ್ನೂ ನಾರುತ್ತಲೇ ಇತ್ತು. ಅದನ್ನು ನಾನೇ ಹಿಡಿದುಕೊಂಡೆ.